ವಠಾರದ ಓನರ್ ಒಳ್ಳೆಯವನಾಗಲೇಬೇಕಾ?

ಪ್ರಶ್ನೆ: ಸರ್, ನಾನು ಚಿತ್ರದುರ್ಗದ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಗೆಳೆಯರು ಸೇರಿ ಯೂಟ್ಯೂಬ್‌ಗೆ ಎಂಟು ಕಂತಿನ ಹಾಸ್ಯ ಧಾರಾವಾಹಿ ಬರೆಯುತ್ತಿದ್ದೇವೆ. ಮುಖ್ಯ ಪಾತ್ರ ಒಂದು ವಠಾರದ ಓನರ್. ಎಂಜಲು ಕೈಯಲ್ಲಿ ಕಾಗೆ ಓಡಿಸದಂಥ ಜಿಪುಣ. ಜೊತೆಗೆ ಜಂಬದವನು, ಸುಳ್ಳುಗಾರ. ಬಾಡಿಗೆದಾರರ ನೀರಿನ ವಾಲ್ವ್ ಅವನ ಕೈಯಲ್ಲಿ. ಎರಡನೇ ಕಂತಿನಲ್ಲಿ ಬಾಣಂತಿ ಇರುವ ಮನೆಯ ನೀರನ್ನೂ ನಿಲ್ಲಿಸುತ್ತಾನೆ. ಓದಿದವರು ನಗುತ್ತಾರೆ, ಆಮೇಲೆ ‘ಇಂಥವನನ್ನ ಯಾರು ಇಷ್ಟಪಡ್ತಾರೆ? ಮೂರನೇ ಕಂತಲ್ಲಿ ಯಾವುದಾದರೂ ಬಡ ಹುಡುಗಿಯ ಫೀಸು ಕಟ್ಟಿಸಿಬಿಡಿ’ ಅನ್ನುತ್ತಾರೆ. ಪಾತ್ರ ಇಷ್ಟವಾಗದಿದ್ದರೆ, ‘ಇವನೂ ನಮ್ಮಂಥವನೇ’ ಅನ್ನಿಸದಿದ್ದರೆ ಹಾಸ್ಯ ನಿಲ್ಲುವುದಿಲ್ಲವಾ?

ಉತ್ತರ: ಮೊದಲೇ ಹೇಳಿಬಿಡುತ್ತೇನೆ, ಫೀಸು ಕಟ್ಟಿಸಬೇಡಿ. ಆ ಒಂದು ಸೀನಿನಿಂದ ನಿಮ್ಮ ಓನರ್ ಒಳ್ಳೆಯವನಾಗುವುದಿಲ್ಲ. ಎರಡು ಕಂತು ನೋಡಿದವರು ‘ಇವನು ಇಂಥವನು, ಹೀಗೇ ಮಾಡ್ತಾನೆ’ ಅಂತ ಲೆಕ್ಕ ಹಾಕಿಕೊಂಡಿರುತ್ತಾರೆ. ಮೂರನೆಯದರಲ್ಲಿ ಆ ಲೆಕ್ಕವನ್ನು ನೀವೇ ಅಳಿಸಿದರೆ, ನಾಲ್ಕನೆಯದರಲ್ಲಿ ನಗಿಸಲು ಮತ್ತೆ ಮೊದಲಿನಿಂದ ಶುರು ಮಾಡಬೇಕು.

ಹಾಸ್ಯದವನು ಒಳ್ಳೆಯವನಾಗಿರಬೇಕು ಅಂತ ಹಿಂದಿನವರೂ ಹೇಳಿಲ್ಲ. ಹಾಸ್ಯ ಯಾವುದರಿಂದ ಹುಟ್ಟುತ್ತದೆ ಅಂತ ಭರತನ ನಾಟ್ಯಶಾಸ್ತ್ರದಲ್ಲಿ ಒಂದು ಪಟ್ಟಿ ಇದೆ. ವಿಕಾರವಾದ ವೇಷ, ನಾಚಿಕೆಯಿಲ್ಲದ ನಡವಳಿಕೆ, ಅತಿಯಾಸೆ, ತಲೆಬುಡವಿಲ್ಲದ ಮಾತು, ಇನ್ನೊಬ್ಬರ ತಪ್ಪು ಎತ್ತಿ ಆಡುವುದು, ಹೀಗೆ ಸಾಗುತ್ತದೆ. ಅದರಲ್ಲಿ ಒಳ್ಳೆತನ ಹುಡುಕಿದರೂ ಸಿಗುವುದಿಲ್ಲ. ನಿಮ್ಮ ಓನರ್ ಹತ್ತಿರ ಆ ಪಟ್ಟಿಯ ಮುಕ್ಕಾಲು ಪಾಲು ಈಗಲೇ ಇದೆ.

ಸಿಟ್‌ಕಾಂ, ಅಂದರೆ ಹಾಸ್ಯ ಧಾರಾವಾಹಿ ಬರೆಯಬೇಕು ಅಂತ ನನ್ನ ಹತ್ತಿರ ಬರುವವರಿಗೆಲ್ಲ ನಾನು ಮೊದಲು ತೋರಿಸುವುದು ‘ಫಾಲ್ಟಿ ಟವರ್ಸ್’. ಬ್ರಿಟನ್ನಿನ ಬಿಬಿಸಿಯಲ್ಲಿ 1975ರಲ್ಲಿ ಆರು ಕಂತು, 1979ರಲ್ಲಿ ಆರು ಕಂತು, ಒಟ್ಟು ಹನ್ನೆರಡೇ. ಬರೆದವರು ಜಾನ್ ಕ್ಲೀಸ್ ಮತ್ತು ಕಾನಿ ಬೂತ್. ಕ್ಲೀಸ್ ತಮ್ಮ ತಂಡದ ಜೊತೆ 1970ರಲ್ಲಿ ಟಾರ್ಕೀ ಅನ್ನುವ ಕಡಲತೀರದ ಊರಿನ ಹೋಟೆಲೊಂದರಲ್ಲಿ ಉಳಿದಿದ್ದರು. ಅದರ ಮಾಲೀಕ ಗಿರಾಕಿಗಳ ಮೇಲೇ ರೇಗುತ್ತಿದ್ದ. ಉಳಿದವರು ಬೇರೆ ಕಡೆ ಹೋದರು. ಕ್ಲೀಸ್ ಅಲ್ಲೇ ಉಳಿದು ಅವನನ್ನು ನೋಡುತ್ತಾ ಕೂತರು. ಧಾರಾವಾಹಿಯ ಹೋಟೆಲ್ ಮಾಲೀಕ ಬೇಸಿಲ್ ಫಾಲ್ಟಿ ಹುಟ್ಟಿದ್ದು ಹಾಗೆ. ಆ ಪಾರ್ಟು ಮಾಡಿದವರೂ ಕ್ಲೀಸ್ ಅವರೇ. ಗಿರಾಕಿಗಳನ್ನು ಬೈಯುತ್ತಾನೆ, ಸ್ಪೇನಿನಿಂದ ಬಂದ ಸಪ್ಲೈಯರ್ ಹುಡುಗ ಮ್ಯಾನುಯೆಲ್ ತಲೆಗೆ ಹೊಡೆಯುತ್ತಾನೆ, ಹೆಂಡತಿಗೆ ಸುಳ್ಳು ಹೇಳುತ್ತಾನೆ, ದೊಡ್ಡಮನುಷ್ಯರು ಬಂದರೆ ನೆಲಕ್ಕೆ ಬೀಳುತ್ತಾನೆ. ಇಷ್ಟಪಡುವಂಥದ್ದು ಒಂದೂ ಇಲ್ಲ.

ಅದರಲ್ಲಿ ಒಂದು ಕಂತು ನೋಡಿ. ಊರಿನ ಗಣ್ಯರನ್ನು ಕರೆದು ಭಾರಿ ಊಟ ಹಾಕಿಸಬೇಕು ಅಂತ ಬೇಸಿಲ್ ಹೊರಟಿದ್ದಾನೆ. ಅಡುಗೆಯವನು ಕುಡಿದು ಬಿದ್ದಿದ್ದಾನೆ. ಇನ್ನೊಂದು ಹೋಟೆಲಿನಿಂದ ಬಾತುಕೋಳಿ ತರಲು ಬೇಸಿಲ್ಲೇ ಕಾರು ಹತ್ತುತ್ತಾನೆ. ದಾರಿಯಲ್ಲಿ ಕಾರು ನಿಂತುಹೋಗುತ್ತದೆ. ಮೊದಲು ಅದಕ್ಕೆ ಬುದ್ಧಿ ಹೇಳುತ್ತಾನೆ. ಆಮೇಲೆ ಎಚ್ಚರಿಕೆ ಕೊಟ್ಟು ಒಂದು, ಎರಡು, ಮೂರು ಅಂತ ಎಣಿಸುತ್ತಾನೆ. ಕಾರು ಅಲ್ಲಾಡುವುದಿಲ್ಲ. ಇಳಿದು ಕ್ಯಾಮೆರಾದಿಂದ ಆಚೆ ಹೋಗುತ್ತಾನೆ. ಒಂದು ಗಳಿಗೆ ಪರದೆ ಮೇಲೆ ಬರೀ ಕಾರು. ವಾಪಸ್ ಬರುವಾಗ ಕೈಯಲ್ಲೊಂದು ಮರದ ಕೊಂಬೆ. ಅದರಿಂದ ಕಾರಿಗೆ ಬಾರಿಸುತ್ತಾನೆ. ಅಷ್ಟೆಲ್ಲ ಆಗಿ ಗಣ್ಯರ ಮುಂದೆ ತಟ್ಟೆಯ ಮುಚ್ಚಳ ತೆಗೆದರೆ ಒಳಗಿರುವುದು ಬಾತುಕೋಳಿಯಲ್ಲ, ಯಾವುದೋ ಸಿಹಿತಿಂಡಿ. ಬಾತುಕೋಳಿ ಅದರ ಅಡಿಯಲ್ಲೇನಾದರೂ ಇದೆಯಾ ಅಂತ ಕೈ ಹಾಕಿ ಹುಡುಕುತ್ತಾನೆ.

ಇಲ್ಲಿ ನಾವು ಯಾಕೆ ನಗುತ್ತೇವೆ? ಬೇಸಿಲ್ ಮೇಲಿನ ಪ್ರೀತಿಗೆ ಖಂಡಿತ ಅಲ್ಲ. ಅವನಿಗೆ ಏನು ಬೇಕು ಅನ್ನುವುದು ನಮಗೆ ಸ್ಪಷ್ಟವಾಗಿ ಗೊತ್ತು. ದೊಡ್ಡವರ ಸಾಲಿನಲ್ಲಿ ತಾನೂ ಒಬ್ಬ ಅನ್ನಿಸಿಕೊಳ್ಳಬೇಕು, ಅಷ್ಟೆ. ಅದಕ್ಕಾಗಿ ಎಷ್ಟು ಕೆಳಗೆ ಇಳಿಯುತ್ತಾನೆ ಅನ್ನುವುದೂ ಗೊತ್ತು. ಹಾಗಾಗಿ ಅವನು ಕ್ಯಾಮೆರಾದಿಂದ ಆಚೆ ಹೋದಾಗಲೇ ನಗು ಶುರುವಾಗುತ್ತದೆ, ಕೊಂಬೆ ಕಾಣಿಸುವ ಮೊದಲೇ. ಆ ಖಾಲಿ ಗಳಿಗೆಯಲ್ಲಿ ನಗಿಸುವುದು ಅವನ ಬಗ್ಗೆ ನಮಗಿರುವ ತಿಳಿವಳಿಕೆ. ನಿಮ್ಮ ಪ್ರಶ್ನೆಗೆ ನನ್ನ ಉತ್ತರದ ತಿರುಳು ಇದೇ. ಪಾತ್ರ ಇಷ್ಟವಾಗಬೇಕಿಲ್ಲ, ಪಾತ್ರ ಗೊತ್ತಿರಬೇಕು. ಮುಂದೆ ಇವನು ಏನು ಮಾಡುತ್ತಾನೆ ಅಂತ ನೋಡುವವರಿಗೆ ಅಂದಾಜಿರಬೇಕು. ಹೇಗೆ ಮಾಡುತ್ತಾನೆ ಅನ್ನುವುದು ಮಾತ್ರ ಗೊತ್ತಿರಬಾರದು.

‘ನಮ್ಮಂಥವನೇ’ ಅನ್ನಿಸಬೇಕು ಅನ್ನುವ ಮಾತಿಗೂ ಇಲ್ಲೇ ಉತ್ತರ ಇದೆ. ನಾವ್ಯಾರೂ ಇಂಗ್ಲೆಂಡಿನಲ್ಲಿ ಹೋಟೆಲು ಇಟ್ಟವರಲ್ಲ. ಆದರೆ ಆಫೀಸಿಗೆ ಲೇಟಾದ ದಿನವೇ ಸ್ಕೂಟರ್ ಕೈಕೊಟ್ಟು, ಕಿಕ್ ಹೊಡೆದು ಹೊಡೆದು ಸಾಕಾಗಿ ಅದಕ್ಕೇ ಬೈದವರು ದಾವಣಗೆರೆಯಲ್ಲಿ ಬೀದಿಗೊಬ್ಬರು ಸಿಗುತ್ತಾರೆ. ಬೇಸಿಲ್‌ನ ಕೆಲಸ ನಮ್ಮದಲ್ಲ, ಸಿಟ್ಟು ನಮ್ಮದು. ಅಷ್ಟು ಸಾಕು. ಇನ್ನೊಂದು ದಾರಿಯೂ ಇದೆ. ‘ನಾನು ಇವನ ಹಾಗಿಲ್ಲ, ಆದರೆ ಇವನನ್ನ ನೋಡಿದ್ದೀನಿ’ ಅನ್ನಿಸುವುದು. ನಿಮ್ಮ ಓನರಿಗೆ ಅದು ಧಾರಾಳವಾಗಿ ಸಿಗುತ್ತದೆ. ಬಾಡಿಗೆ ಮನೆಯಲ್ಲಿ ಬಾಳಿದವರೆಲ್ಲ ಇಂಥವನೊಬ್ಬನಿಗೆ ಅಡ್ವಾನ್ಸ್ ಕೊಟ್ಟೇ ಇರುತ್ತಾರೆ, ಅಲ್ವಾ?

ಈ ಮಾತು ನಮ್ಮ ಕಡೆಯವರಿಗೆ ಹೊಸದಾಗಬಾರದು. ದಾವಣಗೆರೆ ಕಂಪನಿ ನಾಟಕದ ಊರು. ರಂಗನಟಿ ಚಿಂದೋಡಿ ಲೀಲಾ ಅವರ ಊರು, ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂದರೆ ಕಂಪನಿಗಳು ಇಲ್ಲಿ ಕ್ಯಾಂಪ್ ಹಾಕುತ್ತವೆ. ತಗಡಿನ ಶೆಡ್ಡಿನಲ್ಲಿ ಕೂತು ನೋಡಿ. ಜಿಪುಣ ಸಾವ್ಕಾರನೋ ಅವನ ಗುಮಾಸ್ತನೋ ಸ್ಟೇಜಿಗೆ ಬಂದು ಬರೀ ಕನ್ನಡಕ ಸರಿಮಾಡಿಕೊಂಡರೆ ಹಿಂದಿನ ಸಾಲಿನವರು ಆಗಲೇ ನಗುತ್ತಿರುತ್ತಾರೆ. ಆ ಪಾತ್ರ ಒಳ್ಳೆಯದಾಗಲಿ ಅಂತ ಅಲ್ಲಿ ಯಾರೂ ಹಾರೈಸುವುದಿಲ್ಲ. ಅವನು ಬೇಗ ಸಿಕ್ಕಿಬೀಳಲಿ ಅಂತ ಕಾಯುತ್ತಾರೆ. ಒಬ್ಬ ನಟ ಅದೇ ಪಾರ್ಟನ್ನು ವರ್ಷಗಟ್ಟಲೆ ಮಾಡಿ, ಯಾವ ಮಾತಿಗೆ ಎಷ್ಟು ಹೊತ್ತು ನಿಲ್ಲಬೇಕು ಅನ್ನುವುದನ್ನು ಜನರಿಂದಲೇ ಕಲಿತಿರುತ್ತಾನೆ. ಆ ಶಾಲೆ ನಮ್ಮ ಮನೆ ಬಾಗಿಲಲ್ಲಿದೆ. ಹಾಸ್ಯ ಬರೆಯುವವರು ಅದನ್ನು ಬಿಟ್ಟು ಬರೀ ಮೊಬೈಲಿನಲ್ಲಿ ಕಲಿಯಲು ಹೊರಟಿರುವುದು ನನಗೆ ನಿಜಕ್ಕೂ ಸಂಕಟದ ವಿಷಯ.

ಜಿಪುಣನ ಮಾತು ಬಂದಿದ್ದರಿಂದ ಅಮೆರಿಕದ ‘ಸೈನ್‌ಫೆಲ್ಡ್’ ಬಗ್ಗೆಯೂ ಹೇಳಬೇಕು. 1989ರಿಂದ 1998ರವರೆಗೆ ನಡೆದದ್ದು. ಅದನ್ನು ಜೆರ್‍ರಿ ಸೈನ್‌ಫೆಲ್ಡ್ ಜೊತೆ ಹುಟ್ಟುಹಾಕಿದ ಲ್ಯಾರಿ ಡೇವಿಡ್ ಬರಹಗಾರರಿಗೆ ಒಂದು ಕಟ್ಟಪ್ಪಣೆ ಮಾಡಿದ್ದರು. ಇಲ್ಲಿ ಯಾರೂ ಯಾರನ್ನೂ ತಬ್ಬಿಕೊಳ್ಳಬಾರದು, ಯಾರೂ ಪಾಠ ಕಲಿಯಬಾರದು. ನಾಲ್ಕು ಜನ ಸ್ವಾರ್ಥಿಗಳು, ಒಂಬತ್ತು ಸೀಸನ್, ಒಬ್ಬರೂ ತಿದ್ದಿಕೊಳ್ಳುವುದಿಲ್ಲ. ಅವರಲ್ಲಿ ಜಾರ್ಜ್ ಅನ್ನುವವನು ಮದುವೆ ಕಾರ್ಡಿಗೆ ಅಂಗಡಿಯಲ್ಲಿರುವುದರಲ್ಲೇ ಅಗ್ಗದ್ದನ್ನು ಆರಿಸುತ್ತಾನೆ. ಅವನನ್ನು ಮದುವೆಯಾಗಬೇಕಿದ್ದ ಸೂಸನ್ ಆ ಕವರುಗಳನ್ನು ಒಂದೊಂದಾಗಿ ನೆಕ್ಕಿ ಅಂಟಿಸುತ್ತಾಳೆ. ಅಗ್ಗದ ಅಂಟಿನಲ್ಲಿ ವಿಷ. ಅವಳು ಸಾಯುತ್ತಾಳೆ. ಆಸ್ಪತ್ರೆಯಲ್ಲಿ ಸುದ್ದಿ ಕೇಳಿದ ನಾಲ್ವರೂ ಸ್ವಲ್ಪ ಹೊತ್ತು ಸುಮ್ಮನೆ ನಿಂತು, ಕಾಫಿ ಕುಡಿಯಲು ಹೋಗುತ್ತಾರೆ. 1996ರ ಆ ಸೀನಿನ ಬಗ್ಗೆ ಇವತ್ತಿಗೂ ವಾದ ನಡೆಯುತ್ತದೆ. ಕೆಲವರಿಗೆ ಅದು ಅತಿಯಾಯಿತು ಅನ್ನಿಸುತ್ತದೆ. ನನ್ನ ಮಟ್ಟಿಗೆ ಅದು ಧೈರ್ಯದ ಬರವಣಿಗೆ. ಸಾವು ಬಂದದ್ದು ಜಾರ್ಜ್‌ನ ಜಿಪುಣತನದಿಂದಲೇ, ಎಲ್ಲಿಂದಲೋ ಹಾರಿ ಬಂದು ಬಿದ್ದದ್ದಲ್ಲ. ಸಂಬಂಧ ಬಿಡಿಸಿಕೊಳ್ಳಬೇಕು ಅಂತ ಅವನು ಎಷ್ಟೋ ಕಂತುಗಳಿಂದ ಒದ್ದಾಡುತ್ತಿದ್ದ. ಆ ಹೊತ್ತಿನಲ್ಲಿ ಅವನು ಗೋಳೋ ಅಂತ ಅತ್ತಿದ್ದರೆ ಅದು ಸುಳ್ಳಾಗುತ್ತಿತ್ತು. ಆದರೆ ಇದನ್ನು ಎಂಟು ಕಂತಿನ ಧಾರಾವಾಹಿಯಲ್ಲಿ ಮಾಡಲು ಹೋಗಬೇಡಿ. ಏಳು ವರ್ಷ ನಂಬಿಕೆ ಗಳಿಸಿದವರು ಮಾಡಿದ್ದು ಅದು.

ಹಾಗಾದರೆ ಇಷ್ಟವಾಗುವ ಪಾತ್ರಕ್ಕೆ ಬೆಲೆಯೇ ಇಲ್ಲವಾ? ಇದೆ. ಜನರನ್ನು ನಗಿಸಲು ಅದು ಬೇಕಿಲ್ಲ, ಮತ್ತೆ ಮತ್ತೆ ಕರೆದು ಕೂರಿಸಲು ಬೇಕಾಗುತ್ತದೆ. ಇದಕ್ಕೆ ಚೆನ್ನಾಗಿರುವ ಉದಾಹರಣೆ ‘ದಿ ಆಫೀಸ್’, ಯಾಕೆಂದರೆ ಅದು ಎರಡು ದೇಶಗಳಲ್ಲಿ ಎರಡು ಥರ ಆಯಿತು. ಬ್ರಿಟನ್ನಿನ ‘ದಿ ಆಫೀಸ್’ 2001ರಲ್ಲಿ ಶುರುವಾದದ್ದು. ರಿಕಿ ಜರ್ವೈಸ್ ಮಾಡಿದ ಡೇವಿಡ್ ಬ್ರೆಂಟ್ ಅನ್ನುವ ಬಾಸ್ ತಾನು ಭಾರಿ ತಮಾಷೆಗಾರ, ಎಲ್ಲರಿಗೂ ಬೇಕಾದವನು ಅಂದುಕೊಂಡವನು. ನೋಡುತ್ತಿದ್ದರೆ ಅವನ ಪರವಾಗಿ ನಮಗೇ ನಾಚಿಕೆಯಾಗುತ್ತದೆ. ಎರಡು ಸೀಸನ್, ಹನ್ನೆರಡು ಕಂತು, ಆಮೇಲೆ ಕ್ರಿಸ್‌ಮಸ್‌ಗೆ ಒಂದು ವಿಶೇಷ. ಅಲ್ಲಿಗೆ ಮುಗಿಸಿದರು. ಅಷ್ಟು ಹೊತ್ತು ಆ ನಾಚಿಕೆಯನ್ನು ತಡೆದುಕೊಳ್ಳಬಹುದು.

2005ರಲ್ಲಿ ಅಮೆರಿಕದವರು ಅದನ್ನೇ ತಮ್ಮ ದೇಶಕ್ಕೆ ತಂದರು. ಸ್ಟೀವ್ ಕರೆಲ್ ಮಾಡಿದ ಮೈಕಲ್ ಸ್ಕಾಟ್ ಮೊದಲ ಆರು ಕಂತಿನಲ್ಲಿ ಬ್ರೆಂಟ್‌ನ ಅಚ್ಚೊತ್ತಿನ ಹಾಗೇ ಇದ್ದ, ಒರಟ. ಅಲ್ಲಿನ ಜನ ಅಷ್ಟಾಗಿ ಹತ್ತಿರ ಬರಲಿಲ್ಲ. ಎರಡನೇ ಸೀಸನ್ನಿಗೆ ಬರಹಗಾರರು ಅವನನ್ನು ಸ್ವಲ್ಪ ಮೆತ್ತಗೆ ಮಾಡಿದರು. ಹೇಗೆ ಮಾಡಿದರು ಅನ್ನುವುದನ್ನು ಗಮನಿಸಿ. ಅವನಿಂದ ದಾನಧರ್ಮ ಮಾಡಿಸಲಿಲ್ಲ. ಒಂದು ಕಂತಿನಲ್ಲಿ ಅವನು ತನ್ನ ಮೇಲಧಿಕಾರಿಯ ಜೊತೆ ಒಬ್ಬ ಗಿರಾಕಿಯನ್ನು ಊಟಕ್ಕೆ ಕರೆದುಕೊಂಡು ಹೋಗುತ್ತಾನೆ. ವ್ಯಾಪಾರದ ಮಾತೇ ಇಲ್ಲ. ಜೋಕು ಹೇಳುತ್ತಾನೆ, ಹೋಟೆಲಿನ ಜಾಹೀರಾತಿನ ಹಾಡು ಹಾಡುತ್ತಾನೆ. ಮೇಲಧಿಕಾರಿ ತಲೆ ಚಚ್ಚಿಕೊಳ್ಳುತ್ತಾಳೆ. ರಾತ್ರಿಯಾಗುವಷ್ಟರಲ್ಲಿ ಗಿರಾಕಿ ಒಪ್ಪಿಕೊಂಡಿರುತ್ತಾನೆ. ಮೈಕಲ್ ಕೆಟ್ಟ ಬಾಸ್ ಇರಬಹುದು, ಆದರೆ ಅಪ್ಪಟ ಸೇಲ್ಸ್‌ಮನ್! ಅವನ ದಡ್ಡತನವೇ ಅಲ್ಲಿ ಕೆಲಸಕ್ಕೆ ಬರುತ್ತದೆ. ಆ ಧಾರಾವಾಹಿ 2013ರವರೆಗೆ 201 ಕಂತು ಓಡಿತು. ಹನ್ನೆರಡು ಕಂತಿಗೆ ಬ್ರೆಂಟ್ ಸಾಕು. ಇನ್ನೂರು ಕಂತು ಮನೆಯೊಳಗೆ ಬಂದು ಕೂರುವವನಿಗೆ ಇನ್ನೊಂದು ಮುಖವೂ ಬೇಕು.

ನಮ್ಮ ಕನ್ನಡದ ಧಾರಾವಾಹಿಗಳ ಕಷ್ಟವೂ ಇದೇ. ದಿನಾ ಸಂಜೆ ಊಟದ ಹೊತ್ತಿಗೆ ಬರಬೇಕು, ಅಜ್ಜಿ, ಮೊಮ್ಮಕ್ಕಳು ಎಲ್ಲರೂ ಕೂತು ನೋಡಬೇಕು. ಈಟಿವಿ ಕನ್ನಡದ ‘ಪಾಪ ಪಾಂಡು’ದಲ್ಲಿ ಹೆಂಡತಿಯ ಕೈಗೆ ಸಿಕ್ಕ ಪಾಂಡು ಮೇಲೆ ಅಯ್ಯೋ ಪಾಪ ಅನ್ನಿಸುತ್ತಿತ್ತು, ಹೆಸರಿನಲ್ಲೇ ಅದು ಇದೆ. ಆದರೆ ‘ಸಿಲ್ಲಿ ಲಲ್ಲಿ’ ನೆನಪಿಸಿಕೊಳ್ಳಿ. ತನ್ನನ್ನು ತಾನೇ ಹೊಗಳಿಕೊಳ್ಳುವ ಡಾಕ್ಟರ್ ವಿಠ್ಠಲ್ ರಾವ್, ಹೆಸರಿನ ಹುಚ್ಚು ಹತ್ತಿಸಿಕೊಂಡ ಸಮಾಜ ಸೇವಕಿ ಲಲಿತಾಂಬ. ಪಕ್ಕದ ಮನೆಯಲ್ಲಿದ್ದರೆ ನಾವು ಬಾಗಿಲು ಹಾಕಿಕೊಳ್ಳುತ್ತಿದ್ದೆವು. ಟಿವಿಯಲ್ಲಿ ಅವರಿಗಾಗಿಯೇ ಕಾಯುತ್ತಿದ್ದೆವು. ಹಾಗಾಗಿ ಕನ್ನಡದ ಪ್ರೇಕ್ಷಕರಿಗೆ ಒಳ್ಳೆಯವರೇ ಬೇಕು ಅನ್ನುವ ನಿಮ್ಮ ಗೆಳೆಯರ ಮಾತನ್ನು ನಾನು ಒಪ್ಪುವುದಿಲ್ಲ.

ಇನ್ನು ನಿಮ್ಮ ಬಾಣಂತಿಯ ಸೀನು. ಅದನ್ನು ತೆಗೆಯಲೇಬೇಕು. ಕೆಟ್ಟವನು ಕೆಟ್ಟದ್ದು ಮಾಡಬಾರದು ಅಂತಲ್ಲ. ಏಟು ಯಾರಿಗೆ ಬೀಳುತ್ತದೆ, ಆ ಹೊತ್ತಿನಲ್ಲಿ ಬರೆದವರು ಯಾರ ಪಕ್ಕ ನಿಂತಿದ್ದಾರೆ ಅನ್ನುವುದು ಪ್ರಶ್ನೆ. ಬೇಸಿಗೆಯಲ್ಲಿ ಚಿತ್ರದುರ್ಗದಲ್ಲಿ ನೀರು ಅಂದರೆ ಏನು ಅಂತ ನಿಮಗೆ ನಾನು ಹೇಳಬೇಕಾ? ಹಸುಗೂಸಿಗೆ ಎರೆಯಲು ನೀರಿಲ್ಲದ ತಾಯಿಯನ್ನು ತೋರಿಸಿದ ಕೂಡಲೇ ನೋಡುವವರು ನಗುವುದು ಬಿಟ್ಟು ಆ ಕೂಸಿನ ಕಡೆ ನೋಡುತ್ತಾರೆ. ಕೆಲವರು ನಕ್ಕರೋ, ಅದು ಇನ್ನೂ ಕೆಟ್ಟದ್ದು.

ಈ ಅಪಾಯಕ್ಕೆ ದಾಖಲೆಯೇ ಇದೆ. ಅಮೆರಿಕದಲ್ಲಿ 1971ರಲ್ಲಿ ‘ಆಲ್ ಇನ್ ದಿ ಫ್ಯಾಮಿಲಿ’ ಶುರುವಾಯಿತು. ಅದರ ಆರ್ಚಿ ಬಂಕರ್ ಕರಿಯರು, ಯಹೂದಿಗಳು, ಹೆಂಗಸರು, ಎಲ್ಲರ ಬಗ್ಗೆಯೂ ಹಗುರವಾಗಿ ಮಾತಾಡುವ ಮನುಷ್ಯ. ಅವನ ಮಾತು ಎಷ್ಟು ಪೊಳ್ಳು ಅಂತ ತೋರಿಸುವುದೇ ಅದನ್ನು ಹುಟ್ಟುಹಾಕಿದ ನಾರ್ಮನ್ ಲಿಯರ್ ಅವರ ಉದ್ದೇಶ. 1974ರಲ್ಲಿ ನೀಲ್ ವಿಡ್ಮಾರ್ ಮತ್ತು ಮಿಲ್ಟನ್ ರೋಕಿಚ್ ಅನ್ನುವ ಸಂಶೋಧಕರು ನೋಡುಗರನ್ನು ಕೇಳಿ ನೋಡಿದರು. ಮೊದಲೇ ಮನಸ್ಸಿನಲ್ಲಿ ಅಂಥ ತಾರತಮ್ಯ ಇಟ್ಟುಕೊಂಡವರು ಆರ್ಚಿಯನ್ನೇ ಮೆಚ್ಚಿದ್ದರು. ಕೊನೆಗೆ ಗೆಲ್ಲುವುದೂ ಅವನೇ ಅಂತ ಅವರಿಗೆ ಕಂಡಿತ್ತು. ನಿಮ್ಮ ಗೆಳೆಯರು ‘ಇವನನ್ನ ಯಾರೂ ಇಷ್ಟಪಡಲ್ಲ’ ಅಂತ ಹೆದರುತ್ತಿದ್ದಾರೆ. ನನಗೆ ಅದರ ಉಲ್ಟಾ ಭಯ ಜಾಸ್ತಿ. ಕೆಟ್ಟ ಪಾತ್ರವನ್ನು ನಗಿಸುವ ಹಾಗೆ ಬರೆದರೆ ಜನ ಅವನನ್ನು ಇಷ್ಟಪಟ್ಟೇಪಡುತ್ತಾರೆ. ಆಗ ಅವನ ಮಾತಿಗೆ ತೂಕ ಬಂದುಬಿಡುತ್ತದೆ. ನಿಮ್ಮ ಓನರ್ ಜಾತಿ ಕೇಳಿ ಮನೆ ಕೊಡುವ ಸೀನು ಬರೆಯುವ ಮನಸ್ಸಿದ್ದರೆ ಇದನ್ನು ಚೆನ್ನಾಗಿ ಯೋಚಿಸಿ.

ಇದಕ್ಕೆ ದಾರಿ ಏನು ಅಂದರೆ, ಅವನಿಗೆ ಹೆದರದವರನ್ನು ಅವನ ಸುತ್ತ ಇಡುವುದು. ಹಿಂದಿಯಲ್ಲಿ 2004ರಲ್ಲಿ ಶುರುವಾದ ‘ಸಾರಾಭಾಯ್ ವರ್ಸಸ್ ಸಾರಾಭಾಯ್’ ಇದನ್ನು ಅಂದವಾಗಿ ಮಾಡಿತ್ತು. ರತ್ನಾ ಪಾಠಕ್ ಶಾ ಮಾಡಿದ ಅತ್ತೆ ಮಾಯಾ, ಸೊಸೆಯ ಮಿಡಲ್ ಕ್ಲಾಸ್ ಬುದ್ಧಿಯನ್ನು ಹೊತ್ತುಹೊತ್ತಿಗೆ ಹಂಗಿಸುತ್ತಾಳೆ. ಸೊಸೆ ಮೋನಿಷಾ ಕುಗ್ಗುವುದಿಲ್ಲ, ತನ್ನ ಪಾಡಿಗೆ ಡಿಸ್ಕೌಂಟ್ ಹುಡುಕಿಕೊಂಡು ಹಾಯಾಗಿರುತ್ತಾಳೆ. ಮಾವ ಇಂದ್ರವದನ ಸೊಸೆಯ ಪಕ್ಷ ಕಟ್ಟಿ ಹೆಂಡತಿಯ ಕಾಲೆಳೆಯುತ್ತಾನೆ. ಏಟು ಎರಡೂ ಕಡೆ ಬೀಳುವುದರಿಂದ ಮಾಯಾ ಎಷ್ಟು ಕಟುವಾಗಿ ಮಾತಾಡಿದರೂ ಮನೆ ಕೆಡುವುದಿಲ್ಲ.

ನಿಮ್ಮ ಎರಡನೇ ಕಂತನ್ನು ನಾನಾದರೆ ಹೀಗೆ ಬರೆಯುತ್ತಿದ್ದೆ. ಬಾಣಂತಿಯ ಜಾಗಕ್ಕೆ ನಗರಸಭೆಯ ನೀರು ಬಿಡುವವನನ್ನು ಬಾಡಿಗೆಗೆ ತಂದು ಇಡಿ, ಹಳೇ ಕಾಲದ ಮಾತಲ್ಲಿ ನೀರುಗಂಟಿ. ಓನರ್ ಕೈಯಲ್ಲಿ ವಠಾರದ ವಾಲ್ವ್. ಇವನ ಕೈಯಲ್ಲಿ ಇಡೀ ಬೀದಿಯ ವಾಲ್ವ್. ಈಗ ಓನರಿಗೆ ಒಂದು ದೊಡ್ಡ ಆಸೆ ಕೊಡಿ. ಬಡಾವಣೆ ಸಂಘದ ಅಧ್ಯಕ್ಷನಾಗಬೇಕು, ಶಾಲು, ಹಾರ, ಮೈಸೂರು ಪೇಟ ಹಾಕಿಸಿಕೊಂಡು ಫೋಟೋ ತೆಗೆಸಿಕೊಳ್ಳಬೇಕು. ಪ್ರತಿ ಕಂತಿನಲ್ಲೂ ಅವನು ಮಾಡುವ ಎಲ್ಲ ನೀಚತನ ಆ ಪೇಟದ ಕಡೆಗೇ ಹೋಗಲಿ. ಜಿಪುಣತನ ಮಾತಲ್ಲಿ ಬೇಡ, ಪೈಪಿನಲ್ಲಿ ಇರಲಿ. ಮನೆ ಕಟ್ಟಿಸುವಾಗ ಇಪ್ಪತ್ತು ಅಡಿ ಪೈಪು ಉಳಿಸಲು ತನ್ನ ಬಚ್ಚಲಿಗೂ ಬಾಡಿಗೆ ಮನೆಯ ಲೈನಿನಿಂದಲೇ ಕನೆಕ್ಷನ್ ಕೊಡಿಸಿದ್ದಾನೆ. ವಠಾರಕ್ಕೆ ನೀರು ನಿಲ್ಲಿಸಿದರೆ ಅವನ ಬಚ್ಚಲಿಗೂ ನಿಲ್ಲುತ್ತದೆ. ಇದನ್ನು ಮೊದಲ ಕಂತಿನಲ್ಲೇ ನೋಡುವವರ ಕಿವಿಗೆ ಹಾಕಿಬಿಡಿ. ಅವನೇ ಉಳಿತಾಯದ ಬಗ್ಗೆ ಹೆಮ್ಮೆಯಿಂದ ಹೇಳಿಕೊಳ್ಳಲಿ. ಆಮೇಲೆ ಸನ್ಮಾನದ ದಿನ ಬೆಳಿಗ್ಗೆ, ಸಿಟ್ಟಿನಲ್ಲಿ ವಾಲ್ವ್ ತಿರುಗಿಸಿ ಬಂದು ತಲೆಗೆ ಸೋಪು ಹಚ್ಚಿಕೊಂಡಾಗ ನೀವು ಒಂದು ಮಾತೂ ಬರೆಯಬೇಕಾಗಿಲ್ಲ.

ಒಂದು ಒಳ್ಳೆ ಗುಣ ಕೊಡಲೇಬೇಕು ಅಂತ ಗೆಳೆಯರು ಹಟ ಹಿಡಿದರೆ ಮೈಕಲ್ ಸ್ಕಾಟ್ ದಾರಿ ಹಿಡಿಯಿರಿ. ಅವನಿಗೆ ಒಂದು ಕಸುಬು ಬರಲಿ. ಪೈಪಿಗೆ ಕಿವಿ ಕೊಟ್ಟರೆ ಸಾಕು, ಯಾವ ಮನೆಯ ಯಾವ ನಲ್ಲಿ ಬಿಟ್ಟಿದೆ, ಬಕೆಟ್ಟಿಗಾ ಡ್ರಮ್ಮಿಗಾ ಅಂತ ಹೇಳಿಬಿಡುತ್ತಾನೆ. ಎಲ್ಲೋ ಹನಿ ಸೋರುತ್ತಿದ್ದರೆ ನಿದ್ದೆಯಿಂದ ಏಳುತ್ತಾನೆ. ಇದೂ ಜಿಪುಣತನದಿಂದಲೇ ಬಂದ ವಿದ್ಯೆ, ಆದರೆ ವಿದ್ಯೆ. ಕೆಲಸ ಬಲ್ಲವನನ್ನು ನೋಡುತ್ತಾ ಕೂರುವುದು ನಮಗೆ ಇಷ್ಟ, ಅವನು ಎಂಥವನೇ ಆಗಿರಲಿ. ಐದನೇ ಕಂತಿನಲ್ಲಿ ಇದರಿಂದಲೇ ವಠಾರಕ್ಕೆ ಒಂದು ಉಪಕಾರ ಆಗಬಹುದು, ಅವನು ಬಯಸದೆಯೇ.

ಪಾತ್ರಕ್ಕೆ ನಟರನ್ನು ಹುಡುಕುವಾಗಲೂ ಇದೇ ಲೆಕ್ಕ. ಬೇಸಿಲ್ ಇಷ್ಟವಾಗುವುದಿಲ್ಲ, ಕ್ಲೀಸ್ ಅವರ ಉದ್ದ ಕಾಲು ಮಾತ್ರ ಎಷ್ಟು ನೋಡಿದರೂ ಸಾಕಾಗುವುದಿಲ್ಲ. ನಿಮಗೂ ನೋಡುತ್ತಲೇ ಇರಬೇಕು ಅನ್ನಿಸುವ ಮನುಷ್ಯ ಬೇಕು. ದಾವಣಗೆರೆ, ಹರಿಹರದ ಕಡೆ ಕಂಪನಿಯಲ್ಲಿ ಹಾಸ್ಯದ ಪಾರ್ಟು ಮಾಡಿದ ಹಿರಿಯರು ಸಿಗುತ್ತಾರೆ, ನಿಮ್ಮ ಜಿಲ್ಲೆಯ ಸಾಣೇಹಳ್ಳಿಯ ರಂಗಶಾಲೆಯಲ್ಲಿ ಕಲಿತ ಹುಡುಗರೂ ಇದ್ದಾರೆ. ಕರೆದು ಡೈಲಾಗ್ ಓದಿಸಬೇಡಿ. ಸುಮ್ನೆ ಮೆಟ್ಟಿಲು ಹತ್ತಿ ಬಂದು ವಾಲ್ವ್ ತಿರುಗಿಸುವುದನ್ನು ಮಾಡಿಸಿ ನೋಡಿ. ಅಷ್ಟಕ್ಕೇ ನಗು ಬಂದರೆ ಅವರನ್ನೇ ಗಟ್ಟಿ ಮಾಡಿಕೊಳ್ಳಿ.